ನೆರೆಮನೆಯ ಗಂಡಸಿಗೆ ಬಯಕೆ ಹಾಕಿದವರು

ಥಪ್... ಥಪ್... ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದು, ನಡುನಡುವೆ ಒಂದು ಶಿಳ್ಳೆ. ಕಾಪುವಿನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಗೆ ಅದು ಎಷ್ಟು ಚೆನ್ನಾಗಿ ಕೇಳುತ್ತಿತ್ತೆಂದರೆ, ಇವತ್ತು ಬೆಡ್‌ಶೀಟೋ ಯೂನಿಫಾರ್ಮೋ ಎಂದು ಕಿಟಕಿಗೆ ಹೋಗದೆ ಹೇಳಬಲ್ಲವಳಾಗಿದ್ದೆ. ಒಗೆಯುತ್ತಿದ್ದವರು ಪಕ್ಕದ ಮನೆಯ ಯಜಮಾನರು. ಹೆಂಡತಿ ಗಲ್ಫಿನಲ್ಲಿ ನರ್ಸ್. ಇಲ್ಲಿ ಅಡುಗೆ, ಬಟ್ಟೆ, ಮಗಳ ಜಡೆ ಎಲ್ಲ ಅವರದ್ದೇ.

ಕಳೆದ ವಾರ ಮಣಿಪಾಲದಲ್ಲಿ, ಮೊಮ್ಮಗಳ ಫ್ಲ್ಯಾಟಿನಲ್ಲಿ ಕುಳಿತಿದ್ದಾಗ ಆ ಶಿಳ್ಳೆ ಇದ್ದಕ್ಕಿದ್ದಂತೆ ನೆನಪಾಯಿತು. ಅವಳು ಟಿವಿಯಲ್ಲಿ ಯಾವುದೋ ಏಷ್ಯನ್ ಡ್ರಾಮಾ ಹಾಕಿದ್ದಳು. ಆ ರಾಜ್ಯದಲ್ಲಿ ಹೆಂಗಸರು ದರ್ಬಾರು ನಡೆಸುತ್ತಾರೆ, ಗಂಡಸರು ಬಸುರಾಗುತ್ತಾರೆ. ರೇಶ್ಮೆ ನಿಲುವಂಗಿಯ ಹೀರೋ ಸೊಂಟಕ್ಕೆ ಕೈ ಕೊಟ್ಟು, ಹೊಟ್ಟೆ ಮುಂದೆ ಮಾಡಿ ಎದ್ದ. ಹಿಂದಿನಿಂದ ಒಂದು ಕುಚೋದ್ಯದ ಮ್ಯೂಸಿಕ್, ಈಗ ನಗಿ ಎಂದು ಹೇಳಿಕೊಡುವಂಥದ್ದು.

"ಕ್ಯೂಟ್ ಅಲ್ವಾ ಅಜ್ಜಿ?"

"ಆಫ್ ಮಾಡು."

"ಎಂತ ಅಜ್ಜಿ, ನೀವು ಇಷ್ಟು ಕನ್ಸರ್ವೇಟಿವಾ? ಗಂಡಸರಿಗೂ ಗೊತ್ತಾಗ್ಲಿ ಅಂತಲೇ ತೆಗ್ದದ್ದು ಇದನ್ನು."

ಕನ್ಸರ್ವೇಟಿವ್! ನನಗೆ ಮೈ ಉರಿದದ್ದು ಬಸುರಾದ ಗಂಡಸನ್ನು ಕಂಡು ಅಲ್ಲ, ಆ ಮ್ಯೂಸಿಕ್ಕಿಗೆ. ಆ ಹೀರೋಗೆ ಅರಮನೆ ತುಂಬ ಆಳುಗಳು, ಬೆಳ್ಳಿ ಬಟ್ಟಲಲ್ಲಿ ಸೂಪು, ಕರೆದರೆ ಓಡಿ ಬರುವ ವೈದ್ಯರು. ನಗು ನಮಗೆ, ಅವನಿಗೆ ಅದು ತಾಗುವುದೇ ಇಲ್ಲ. ಆದರೆ ನಮ್ಮ ಕಾಪುವಿನಲ್ಲಿ...

ಆ ವರ್ಷ ಪಕ್ಕದ ಮನೆಯವರ ಹೊಟ್ಟೆ ದಪ್ಪಗಾಗತೊಡಗಿತು. ಕೈಕಾಲು ಕಡ್ಡಿ, ಮುಖ ಬಿಳಿಚಿಕೊಂಡಿದೆ, ಹೊಟ್ಟೆ ಮಾತ್ರ ಮುಂದೆ. ಪೇಟೆಯ ಟೈಲರ್ ಅಂಗಡಿಯ ಜಗಲಿಯಲ್ಲಿ ಕೂರುವ ಗಂಡಸರಿಗೆ ಅವರು ಮೊದಲೇ ತಮಾಷೆಯ ವಸ್ತು. ಈಗಂತೂ ಹಬ್ಬ.

"ಎಂತ ಅಕ್ಕಾ, ಎಷ್ಟು ತಿಂಗಳು?"

"ಹೆಂಡತಿ ಅಲ್ಲಿಂದಲೇ ಪಾರ್ಸೆಲ್ ಕಳಿಸಿದ್ದಾ ಮಾರಾಯ?"

ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ಬಯಕೆ ಹಾಕುತ್ತಾರೆ. ಹಸಿರು ಸೀರೆ, ಹಸಿರು ಬಳೆ, ತಲೆ ತುಂಬ ಮಲ್ಲಿಗೆ, ಎಲೆ ತುಂಬ ಸಿಹಿ. ಒಂದು ಭಾನುವಾರ ಜಗಲಿಯ ದಂಡು ಇದನ್ನೆಲ್ಲ ಹರಿವಾಣದಲ್ಲಿ ಹಿಡಿದು ಅವರ ಅಂಗಳಕ್ಕೇ ಬಂತು. ಒಬ್ಬ ಹೆಗಲ ಮೇಲಿನ ಬೈರಾಸನ್ನು ಸೆರಗಿನಂತೆ ಹೊದ್ದು ಆರತಿ ಎತ್ತಿದ. "ತವರಿಗೆ ಯಾವಾಗ ಹೋಗ್ಲಿಕ್ಕುಂಟು?" ಎಂದು ಇನ್ನೊಬ್ಬ. ಅರ್ಧ ಹೆಣೆದ ಜಡೆ ಹಿಡಿದುಕೊಂಡು ಮಗಳು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ನಕ್ಕರು. ಅವಳ ಎದುರು ಇನ್ನೇನು ಮಾಡಿಯಾರು? ನಕ್ಕು, ಬಳೆಗೆ ಕೈ ಚಾಚಿದರು.

ಗಂಡಸಿನ ಕೈಗೆ ಬಳೆ ಹೋಗುವುದಿಲ್ಲ, ಒಡೆಯುತ್ತದೆ, ಆಗ ಮತ್ತಷ್ಟು ನಗಬಹುದು ಎಂದು ಅವರೆಲ್ಲ ಎಣಿಸಿದ್ದಿರಬೇಕು. ಬಳೆ ಸಲೀಸಾಗಿ ಹೋಯಿತು. ಹೋಗಿ ಮೊಣಕೈವರೆಗೆ ಜಾರಿತು. ಅಷ್ಟು ಸೊರಗಿತ್ತು ಆ ಕೈ. ಅಲ್ಲಿ ಒಬ್ಬನಿಗಾದರೂ ಅದು ಕಾಣಬೇಡವೇ? ಚಪ್ಪಾಳೆ ತಟ್ಟಿದರು, ಈಡಿಯಟ್ಸ್.

ನಾನು ಬೇಲಿಯ ಹತ್ತಿರ ಹೋಗಿ "ಶೇಮ್ ಆನ್ ಯೂ!" ಎಂದು ಕಿರುಚಿದೆ. "ಜೋಕ್ ಅಲ್ವಾ ಟೀಚರ್" ಎಂದು ನಗುತ್ತಲೇ ಹೋದರು. ನಾಳೆಯೇ ಮಣಿಪಾಲದ ಆಸ್ಪತ್ರೆಗೆ ಹೋಗಿ ತೋರಿಸಿ ಎಂದು ಪಕ್ಕದ ಮನೆಯವರಿಗೆ ಹೇಳಿದೆ.

"ಬಸ್ಸಲ್ಲಿ ಹೇಗೆ ಹೋಗುದು ಟೀಚರ್? ಮೊನ್ನೆ ಕಂಡಕ್ಟರ್ ನನಗೆ ಅಂತ ಲೇಡೀಸ್ ಸೀಟ್ ಖಾಲಿ ಮಾಡ್ಸಿದ. ಇಡೀ ಬಸ್ಸು ನಗಾಡಿತು."

"ರಿಕ್ಷಾ ಮಾಡಿ."

"ರಿಕ್ಷಾದವನೇ ಅಲ್ವಾ ಆರತಿ ಎತ್ತಿದ್ದು."

ಹೆಂಡತಿಗೆ ಬರೆಯಲೂ ಒಪ್ಪಲಿಲ್ಲ, ನನಗೂ ಬಿಡಲಿಲ್ಲ. ಗಲ್ಫಿಗೆ ಕಳಿಸುವ ಫೋಟೋಗಳಲ್ಲಿ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ತಾವು ಹಿಂದೆ ನಿಲ್ಲುತ್ತಿದ್ದರು. ರಜೆಗೆ ಬಂದವಳು ಸೂಟ್‌ಕೇಸ್ ಅಂಗಳದಲ್ಲೇ ಇಟ್ಟು ಅವರ ಹೊಟ್ಟೆಯ ಮೇಲೆ ಕೈಯಿಟ್ಟಳು. ನರ್ಸ್ ಅಲ್ಲವೇ, ಗೊತ್ತಾಯಿತು. ಬಂದ ಕಾರಿನಲ್ಲೇ ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಒಳಗೆ ಗೆಡ್ಡೆ ಬೆಳೆದಿತ್ತು. ಬೇಗ ಬಂದಿದ್ದರೆ ತೆಗೆಯಬಹುದಿತ್ತು ಎಂದರಂತೆ ಡಾಕ್ಟರು.

ಅವರ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಜಗಲಿಯವರೂ ಬಂದಿದ್ದರು. "ಪಾಪ, ಒಳ್ಳೆ ಜನ ಮಾರಾಯ್ರೆ. ಹುಷಾರಿಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತು." ಹೇಳಬಹುದಿತ್ತಂತೆ! ಯಾರಿಗೆ? ಇಷ್ಟು ವರ್ಷವಾದರೂ ಆ ಮಾತಿಗೆ ನನ್ನ ಬಿ.ಪಿ. ಏರುತ್ತದೆ. ಆ ಪಕ್ಕದ ಮನೆ ಇದ್ದಲ್ಲಿ ಈಗ ಅಪಾರ್ಟ್‌ಮೆಂಟ್ ಉಂಟು. ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ರಿಮೋಟ್ ಎತ್ತಿ ಟಿವಿ ಆಫ್ ಮಾಡಿದಳು.

ಕೊನೆಯ ಸಲ ಅವರನ್ನು ಕಂಡದ್ದು ವಾರ್ಡಿನಲ್ಲಿ. ಹೆಂಡತಿ ಮಂಚದ ಬದಿಯಲ್ಲಿ ನಿಂತು, ಮಡಚಿದ ಹೊದಿಕೆಯನ್ನೇ ಮತ್ತೆ ಬಿಡಿಸಿ ಮಡಚುತ್ತಿದ್ದಳು. ಅವರು ನನ್ನನ್ನು ಹತ್ತಿರ ಕರೆದರು. "ಇವಳು ಬೆಳಿಗ್ಗೆಯಿಂದ ಎಂತ ತಿಂದಿದ್ದಾಳೆ ಕೇಳಿ ಟೀಚರ್. ನಾನು ಕೇಳಿದರೆ ಸುಳ್ಳು ಹೇಳ್ತಾಳೆ." ನಾನು ಕೇಳಿದೆ. ಅವಳು ಮತ್ತೆ ಹೊದಿಕೆ ಮಡಚಿದಳು. "ಹೋಗು, ಕ್ಯಾಂಟೀನ್ ಮುಚ್ತಾರೆ" ಎಂದು ಅವರು ಗದರಿದ ಮೇಲೆ ಹೋದಳು. ಅವಳ ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ದೂರವಾಗುವವರೆಗೂ ಅವರು ಮುಖದಲ್ಲಿ ನಗು ಹಿಡಿದುಕೊಂಡಿದ್ದರು... ಆಮೇಲೆ ಗೋಡೆಯ ಕಡೆ ತಿರುಗಿದರು.