ಸೇವಂತಿ ಮಾತು ಮರೆತ ವರ್ಷ

ಉಡುಪಿ ಕಡೆಯ ಶೀಲಾವತಿ ಮದುವೆಯಾಗಿ ಮುಂಬಯಿಯ ಗೋರೆಗಾಂವ್‌ನ ಚಾಳಿಗೆ ಬಂದದ್ದು ಐವತ್ತನೇ ಇಸವಿಯಲ್ಲಿ. ಗಂಡ ಚೆನ್ನಯ ಸ್ಟೇಷನ್ ಎದುರಿನ ಹೊಟೇಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಮರುವರ್ಷ ಹುಟ್ಟಿದ ಸೇವಂತಿ ಬಲು ವಾಚಾಳಿ. ಮೂರು ತುಂಬುವಷ್ಟರಲ್ಲಿ ಮನೆಯ ತುಳುವಿನ ಜೊತೆ ಪಕ್ಕದ ಮನೆಯ ಮರಾಠಿಯನ್ನೂ ಎತ್ತಿಕೊಂಡಿದ್ದಳು.

ಐವತ್ತನಾಲ್ಕರ ಮಳೆಗಾಲದಲ್ಲಿ ಅವಳಿಗೆ ಮಿದುಳು ಜ್ವರ ಬಂತು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಹೇಗೋ ಉಳಿದಳು. ಮನೆಗೆ ಬಂದ ಮೇಲೆ ಕರೆದರೆ ತಿರುಗುತ್ತಿರಲಿಲ್ಲ, ನಿಶ್ಶಕ್ತಿ ಎಂದುಕೊಂಡರು. ಒಂದು ಮಧ್ಯಾಹ್ನ ಅವಳ ಬೆನ್ನ ಹಿಂದೆಯೇ ತಾಮ್ರದ ಹಂಡೆ ಉರುಳಿಬಿತ್ತು. ಮಗು ತಲೆ ಎತ್ತಲಿಲ್ಲ.

ಮೈಸೂರು ಕಡೆಯ ಡಾಕ್ಟರ್ ಸತ್ಯಮೂರ್ತಿ ಪರೀಕ್ಷೆ ಮಾಡಿ ಹೇಳಿದರು: “ಕಿವಿ ಪೂರ್ತಿ ಹೋಗಿದೆ ಕಣಮ್ಮ. ಹತ್ತು ವರ್ಷದವಳಾಗಿದ್ರೆ ಕಲಿತ ಮಾತು ಉಳೀತಿತ್ತು. ಇವಳದ್ದು ಇನ್ನೂ ಎಳೇ ಮಾತು. ಎದುರಿಗೆ ಕೂರಿಸ್ಕೊಂಡು ಮಾತಾಡ್ತಾನೇ ಇರಿ. ನಿಲ್ಲಿಸಬೇಡಿ.”

ಶೀಲಾವತಿ ಒಂದು ತಿಂಗಳು ಮಾತಾಡಿದಳು. ಆಮೇಲೆ ಚೆನ್ನಯನೇ, “ಕೇಳದವಳ ಹತ್ರ ಎಂತ ಮಾತು ಮಾರಾಯ್ತಿ? ಚಾಳಿನವರು ನಗಾಡ್ತಾರೆ” ಎಂದ. ಅವಳಿಗೂ ದಣಿವಾಗಿತ್ತು. ಕೈಸನ್ನೆ ಸುಲಭವೆನಿಸಿತು. ಒಮ್ಮೆ ಬಂದ ಮಾತು ಎಲ್ಲಿಗೆ ಹೋದೀತು ಎಂಬ ಧೈರ್ಯವೂ ಇತ್ತು.

ಮಾತು ಹೋಯಿತು. ನೀರು ಬೇಕಾದಾಗ ‘ನೀರ್ ಬೋಡು’ ಎನ್ನುತ್ತಿದ್ದವಳು ದೀಪಾವಳಿಯ ಹೊತ್ತಿಗೆ ‘ನೀ ಬೋ’ ಎಂದಳು. ಬೇಸಿಗೆಗೆ ಬರಿಯ ಲೋಟ ಹಿಡಿದು ಸೆರಗು ಎಳೆಯತೊಡಗಿದಳು.

ಐವತ್ತಾರರಲ್ಲಿ ಎರಡನೆಯವಳು ಹುಟ್ಟಿದಳು, ವಾರಿಜಾ. ಅವಳಿಗೆ ಎರಡು ತುಂಬಿದ ಮೇಲೆ ಒಂದು ದಿನ ಒಗ್ಗರಣೆ ಹಾಕುತ್ತ ಶೀಲಾವತಿ ತನ್ನಷ್ಟಕ್ಕೆ ಗೊಣಗಿದ್ದನ್ನು ಆ ಕೂಸು ಮಾರನೆಯ ದಿನ ಅದೇ ರಾಗದಲ್ಲಿ ಒಪ್ಪಿಸಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಶೀಲಾವತಿಯ ಕೈಯ ಸೌಟು ನಿಂತಿತು. ಸೇವಂತಿಗೂ ತಾನು ಏನನ್ನೂ ಕಲಿಸಿರಲಿಲ್ಲ; ದಿನವಿಡೀ ಕಿವಿಗೆ ಬಿದ್ದ ಮಾತೇ ಅವಳನ್ನು ಮಾತಾಡಿಸಿತ್ತು. ಅದು ನಿಂತ ಮೇಲೆ ಮಗಳಿಗೆ ನೋಡಿ ಕಲಿಯಲು ಉಳಿದಿದ್ದದ್ದು ಮಾತಾಡುವ ತನ್ನ ಮುಖವೊಂದೇ. ಅದನ್ನೂ ತಾನೇ ಮುಚ್ಚಿಕೊಂಡಿದ್ದಳು.

ಶಹರದಲ್ಲಿ ಕಿವುಡು ಮಕ್ಕಳ ಶಾಲೆಯಿದೆಯೆಂದು ವಿಚಾರಿಸಿ ಸೇವಂತಿಯನ್ನು ಸೇರಿಸಿದಳು. ಅಲ್ಲಿನ ಟೀಚರಮ್ಮ ಹುಡುಗಿಯ ಗಂಟಲು ಮುಟ್ಟಿ ನೋಡಿ, “ಜ್ವರ ಬಂದ ವರ್ಷವೇ ಕರ್ಕೊಂಡು ಬರಬೇಕಿತ್ತು” ಎಂದಷ್ಟೇ ಅಂದರು. ಅಂದಿನಿಂದ ಶೀಲಾವತಿ ದಿನವೂ ಲೋಕಲ್ ರೈಲಿನಲ್ಲಿ ಮಗಳ ಎದುರು ಕೂತು ತುಟಿ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ಜನ ನೋಡುತ್ತಿದ್ದರು.

ಎರಡು ವರ್ಷದಲ್ಲಿ ಐದಾರು ಮಾತು ಬಂದವು. ‘ಅಪ್ಪ’ ಎಂಬುದೂ ಬಂತು, ಒಡಕು ಧ್ವನಿಯಲ್ಲಿ. ಚಾಳಿನ ಬೇರೆಯವರಿಗೆ ಅದು ಮಾತೆಂದೇ ತಿಳಿಯುತ್ತಿರಲಿಲ್ಲ. ಮೊದಲ ಸಲ ಕೇಳಿದ ದಿನ ಚೆನ್ನಯ ಎದ್ದು ಹೊರಗಿನ ಗ್ಯಾಲರಿಗೆ ಹೋಗಿ, ಕಂಬಿ ಹಿಡಿದು, ಬಹಳ ಹೊತ್ತು ಬೆನ್ನು ಹಾಕಿಯೇ ನಿಂತಿದ್ದ.