ಮಾರುವವರ ಮನೆಗೆ ಅರಿಶಿನ ಕುಂಕುಮ

ನಮ್ಮ ಯಜಮಾನರು ಜಮೀನಿನ ದಲ್ಲಾಳಿ ಎಂದು ನನಗೆ ತಿಳಿದದ್ದು ಮದುವೆಯಾಗಿ ಹಾಸನಕ್ಕೆ ಬಂದ ಮೇಲೆ. ಹೆಣ್ಣು ನೋಡಲು ಬಂದಾಗ ‘ವ್ಯಾಪಾರ’ ಎಂದಿದ್ದರು. ಯಾವ ವ್ಯಾಪಾರ ಎಂದು ನಮ್ಮಪ್ಪ ಕೇಳಲಿಲ್ಲ, ನಾನಂತೂ ಕೇಳುವ ಹಾಗೇ ಇರಲಿಲ್ಲ. ಮನೆಗೆ ಬಂದು ನೋಡಿದರೆ ಅಂಗಡಿಯೂ ಇಲ್ಲ, ತಕ್ಕಡಿಯೂ ಇಲ್ಲ. ಬೆಳಗಾದರೆ ಹಣೆಗೆ ವಿಭೂತಿ ಹಚ್ಚಿ, ಕೋಟು ಹಾಕಿ, ಕೊಡೆ ಹಿಡಿದು ಹೊರಟುಬಿಡುವರು. ಒಂದು ದಿನ ಹೊಳೆನರಸೀಪುರ, ಇನ್ನೊಂದು ದಿನ ಅರಕಲಗೂಡು. ಹೋಗುವಾಗಲೂ ಕೈ ಖಾಲಿ, ಬರುವಾಗಲೂ ಕೈ ಖಾಲಿ. ಇದೆಂಥ ವ್ಯಾಪಾರವಪ್ಪಾ ಎಂದು ನನಗೆ ತಲೆಬುಡ ಹತ್ತಲಿಲ್ಲ.

ಕೇಳಿ ಕೇಳಿ ಪೀಡಿಸಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬಿಡಿಸಿ ಹೇಳಿದರು. ಭೂಮಿ ಮಾರಬೇಕೆಂದಿರುವವನನ್ನು ಹುಡುಕಬೇಕು. ಅವನಿಗೆ ಒಂದಿಷ್ಟು ಮುಂಗಡ ಕೊಟ್ಟು, ಇಷ್ಟು ಬೆಲೆಗೆ, ಇಂಥ ಹಬ್ಬದೊಳಗೆ ಎಂದು ಕರಾರು ಮಾಡಿಕೊಳ್ಳಬೇಕು. ಹಬ್ಬ ಬರುವುದರೊಳಗೆ ಅದಕ್ಕಿಂತ ಹೆಚ್ಚಿಗೆ ಕೊಡುವ, ನಗದು ಇಟ್ಟುಕೊಂಡಿರುವ ಕುಳವೊಂದನ್ನು ಹಿಡಿದು ತಂದು, ನೇರವಾಗಿ ಅವನ ಹೆಸರಿಗೇ ಪತ್ರ ಮಾಡಿಸಬೇಕು. ನಡುವೆ ಉಳಿದದ್ದು ನಮ್ಮದು. ಕುಳ ಸಿಗದಿದ್ದರೆ ಎಂದೆ. ಮುಂಗಡ ಹೋಯ್ತು, ಇನ್ನೇನು ಎಂದು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು. ತಮ್ಮದಲ್ಲದ ಭೂಮಿಯನ್ನು ತಾವು ಕೊಳ್ಳದೆಯೇ ಇನ್ನೊಬ್ಬರಿಗೆ ಮಾರುವುದು ನ್ಯಾಯವೋ ಅನ್ಯಾಯವೋ ನನಗೆ ಆವತ್ತು ತಿಳಿಯಲಿಲ್ಲ. ಇವತ್ತೂ ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

ತಿಳಿದದ್ದು ಒಂದೇ, ಹೆದರಿಕೆ. ಯಾಕೆಂದರೆ ನನ್ನ ಹೆಸರಲ್ಲೂ ಭೂಮಿ ಇತ್ತು. ಸಾಲಗಾಮೆಯ ಹತ್ತಿರ ಕೆರೆ ಕೆಳಗಿನ ಎರಡು ತಾಕು ಗದ್ದೆ. ಮಗಳು ಗಂಡನ ಮನೆಯಲ್ಲಿ ಒಂದು ಡಜನ್ ಬಳೆಗೂ ಕೈಯೊಡ್ಡಬಾರದೆಂದು ಅಪ್ಪ ಅದನ್ನು ಅರಿಶಿನ ಕುಂಕುಮಕ್ಕೆ ಅಂತ ಬರೆದುಕೊಟ್ಟಿದ್ದ. ವರ್ಷಕ್ಕೊಮ್ಮೆ ಅದರ ಭತ್ತ ಗಾಡಿಯಲ್ಲಿ ನಮ್ಮ ಬಾಗಿಲಿಗೆ ಬಂದಾಗ ಅತ್ತೆಯ ಎದುರಿಗೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಊರವರ ಗದ್ದೆಯೆಲ್ಲ ಮಾರಿಸುವ ಗಂಡಸು ನನ್ನ ಗದ್ದೆಯನ್ನು ಎಷ್ಟು ದಿನ ಬಿಟ್ಟಾನು ಎಂಬ ಪುಕಪುಕ ಆ ಮಧ್ಯಾಹ್ನವೇ ಶುರುವಾಯಿತು.

ವ್ಯಾಪಾರದ ಕಷ್ಟವೆಲ್ಲ ಮಾರುವವರನ್ನು ಹುಡುಕುವುದರಲ್ಲೇ. ನಮ್ಮ ಕಡೆ ಭೂಮಿ ಮಾರುತ್ತೇನೆಂದು ಯಾರೂ ಬಾಯಿಬಿಡುವುದಿಲ್ಲ. ಬಿಟ್ಟರೆ ಮಾನ ಹೋಗುತ್ತದೆ, ದಾಯಾದಿಗಳು ಮುತ್ತಿಕೊಳ್ಳುತ್ತಾರೆ, ಬೆಲೆಯೂ ಬಿದ್ದುಹೋಗುತ್ತದೆ. ಜಗುಲಿಯ ಮೇಲೆ ಕೂತು ಎಷ್ಟು ಕಾಫಿ ಕುಡಿದರೂ ಗಂಡಸರಿಗೆ ಒಳಗಿನ ಸುದ್ದಿ ಸಿಗುವುದಿಲ್ಲ. ಅದು ಸಿಗುವುದು ಅಡುಗೆಮನೆವರೆಗೆ ಹೋಗುವವರಿಗೆ.

ಗೌರಿ ಹಬ್ಬ ಬಂತೆಂದರೆ, ಶ್ರಾವಣದ ಶುಕ್ರವಾರ ಬಂತೆಂದರೆ, ನಮ್ಮವರು ನನ್ನನ್ನು ಅಲ್ಲಿಗೆ ಹೋಗು ಇಲ್ಲಿಗೆ ಹೋಗು ಎಂದು ಒಂದೇ ಸಮನೆ ಹೊರಡಿಸುವರು. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯನ್ನು ಯಾರು ತಾನೇ ಬಾಗಿಲಲ್ಲಿ ನಿಲ್ಲಿಸುತ್ತಾರೆ? ಅರಕಲಗೂಡಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಮುಂದಿನ ಸೀಟು, ತಲೆಗೆ ಹೂವು ಬೇರೆ. ಎಂಥ ಒಳ್ಳೆ ಗಂಡ ಸಿಕ್ಕಿದನಪ್ಪಾ ಎಂದು ನಾನು ಉಬ್ಬಿಹೋದೆ. ಆದರೆ ಮನೆಗೆ ಬಂದ ಕೂಡಲೇ ಇವರ ಪ್ರಶ್ನೆಗಳು ವಿಚಿತ್ರವಾಗಿರುತ್ತಿದ್ದವು. ಅವರ ಅಟ್ಟದ ಮೇಲೆ ಹಿತ್ತಾಳೆ ಕೊಪ್ಪರಿಗೆ ಇತ್ತಾ? ತಿಪ್ಪೆ ಎಷ್ಟು ಎತ್ತರ ಇತ್ತು? ಸೊಸೆಯ ಕೈಯಲ್ಲಿದ್ದದ್ದು ಚಿನ್ನದ ಬಳೆಯೋ ಗಾಜಿನದೋ? ಕಂಡವರ ಸೊಸೆಯ ಕೈ ಕಟ್ಟಿಕೊಂಡು ನಿಮಗೇನಾಗಬೇಕು ಎಂದು ನಾನು ಎರಡು ದಿನ ಮಾತು ಬಿಟ್ಟಿದ್ದೂ ಉಂಟು.

ಆಮೇಲೆ ತಾನೆ ಅರ್ಥವಾದದ್ದು. ಗೊಬ್ಬರವನ್ನು ಮಾರಿಕೊಂಡವನಿಗೆ ಮುಂದಿನ ವರ್ಷ ಉಳುವ ಮನಸ್ಸಿಲ್ಲ. ಕೊಪ್ಪರಿಗೆ, ಹಂಡೆ ಅಟ್ಟದಿಂದ ಇಳಿದುಹೋಗಿದ್ದರೆ ಭೂಮಿಯೂ ಹೆಚ್ಚು ದಿನ ನಿಲ್ಲುವುದಿಲ್ಲ. ಅರ್ಥವಾದ ಮೇಲೆ ನನಗೆ ಕುಂಕುಮದ ಬಟ್ಟಲು ಹಿಡಿಯಲು ಕೈ ಬರಲಿಲ್ಲ. ಹೋಗಲ್ಲ ಎಂದು ಕೂತೆ. ಅದೇ ಹೊತ್ತಿಗೆ ಅರಕಲಗೂಡಿನ ಒಬ್ಬ ಹೆಂಗಸು, ಅವರ ಹೊಲ ನಮ್ಮವರ ಕೈಯಿಂದಲೇ ಮಾರಾಟವಾದದ್ದು, ನನ್ನ ಕೈ ಹಿಡಿದುಕೊಂಡು ಸರಿಯಾದ ಹೊತ್ತಿಗೆ ನಿಮ್ಮ ಯಜಮಾನರು ಬಂದ್ರು ಕಣವ್ವಾ, ಇಲ್ದಿದ್ರೆ ನಮ್ಮ ಮೈದುನನೇ ನುಂಗಿಬಿಡ್ತಿದ್ದ ಎಂದಳು. ನಾನು ಮಾಡಿದ್ದು ಪಾಪವೋ ಪುಣ್ಯವೋ ಎಂದು ಮತ್ತೆ ಕಕ್ಕಾಬಿಕ್ಕಿ. ಮತ್ತೆ ಬಟ್ಟಲು ಹಿಡಿದೆ.

ಅಷ್ಟರಲ್ಲಿ ಯುದ್ಧದ ಕಾಲ. ಅಕ್ಕಿಗೆ ರೇಷನ್ ಬಂತು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ನಮ್ಮವರಿಗೆ ಗಂಟುಬಿದ್ದರು. ಅವರ ಹತ್ತಿರ ನಗದಿಗೆ ಕೊರತೆಯಿಲ್ಲ, ಆದರೆ ಉಣ್ಣಲು ಸ್ವಂತ ಗದ್ದೆಯ ಅಕ್ಕಿಯಿಲ್ಲ. ಅಲ್ಲೇ ಊರಾಚೆ ಇದ್ದ ಒಂದು ತೆಂಗಿನ ತೋಟವನ್ನು ಕೊಳ್ಳುತ್ತೇನೆ, ಜೊತೆಗೆ ಎಲ್ಲಾದರೂ ಒಳ್ಳೆ ಗದ್ದೆ ಹುಡುಕಿಕೊಡು ಎಂದರು. ಸಾಹುಕಾರರ ಮಾತು ನಂಬಿ ನಮ್ಮವರು ಕೈಯಲ್ಲಿದ್ದುದನ್ನೆಲ್ಲ ತೋಟದ ಮೇಲೆ ಮುಂಗಡ ಸುರಿದು ಬಂದರು. ಯುಗಾದಿಯೊಳಗೆ ಪತ್ರ ಆಗಬೇಕೆಂದು ಕರಾರು.

ಗದ್ದೆ ಹುಡುಕಿದವಳು ನಾನು. ಹೊಳೆನರಸೀಪುರದಲ್ಲಿ ಹೊಳೆಯ ಕಡೆ ಒಂದು ದೊಡ್ಡ ಒಕ್ಕಲು ಮನೆ. ತಲೆಮಾರಿನಿಂದ ಗದ್ದೆ ಇಟ್ಟುಕೊಂಡವರು. ಅವರ ಅಡುಗೆಮನೆಗೆ ಹೋಗಿ ತಲೆಯೆತ್ತಿ ನೋಡುತ್ತೇನೆ, ಅಟ್ಟ ಬೋಳು. ಕೊಪ್ಪರಿಗೆಯಿಲ್ಲ, ಹಂಡೆಯಿಲ್ಲ, ಒಂದು ತಂಬಿಗೆಯೂ ಇಲ್ಲ. ಮನೆಯಾಕೆ ಮಡಕೆಯಲ್ಲಿ ಸಾರು ಕುದಿಸುತ್ತಿದ್ದಳು. ಅಯ್ಯೋ ಪಾಪ, ಇಂಥ ಮನೆಗೂ ಈ ಗತಿ ಬಂತೇ ಎಂದುಕೊಂಡೆ. ಬಂದವಳೇ ಹೇಳಿದೆ. ಮಾರನೆಯ ಬೆಳಿಗ್ಗೆಯೇ ನಮ್ಮವರು ಸಾಹುಕಾರರನ್ನು ಕರೆದುಕೊಂಡು ಆ ಜಗುಲಿ ಹತ್ತಿದರು.

ನಾನು ಏನು ಕನಸು ಕಂಡಿದ್ದೆನೇ? ಪಕ್ಕದ ಬೀದಿಗೆ ಕಲಾಯಿ ಹಾಕುವವನು ಬಂದಿದ್ದ. ಆ ಮನೆಯ ಪಾತ್ರೆಯೆಲ್ಲ ಅವನ ತಿದಿಯ ಮುಂದೆ ಕೂತಿದ್ದವು. ಇವರು ಗದ್ದೆಯ ಮಾತೆತ್ತುವುದಕ್ಕೂ, ಬೆಳ್ಳಿಯ ಹಾಗೆ ಹೊಳೆಯುವ ಪಾತ್ರೆಗಳನ್ನು ಆಳುಗಳು ಹೊತ್ತು ತರುವುದಕ್ಕೂ ಸರಿಹೋಯಿತಂತೆ. ಮನೆಯ ಯಜಮಾನ ಎದ್ದು ನಿಂತು, “ನಮ್ ಗದ್ದೆ ಮಾರಾಟಕ್ಕೈತೆ ಅಂತ ನಿಂಗೆ ಯೋಳ್ದೋನು ಯಾವನ್ಲಾ?” ಎಂದನಂತೆ. ಸಾಹುಕಾರರಿಗೂ ಸೇರಿಸಿ ಮಂಗಳಾರತಿ ಆಯಿತು. ಮಾನ ಹೋದ ಸಾಹುಕಾರರು ದಾರಿಯಲ್ಲೇ, ನಿನ್ನ ತೋಟವೂ ಬೇಡ ಗದ್ದೆಯೂ ಬೇಡ ಎಂದು ಕೈಕೊಡವಿಬಿಟ್ಟರು.

ಎರಡು ವಾರ ನಮ್ಮವರು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ನನ್ನನ್ನು ಒಂದು ಮಾತು ಬೈದಿದ್ದರೂ ಸಮಾಧಾನವಾಗುತ್ತಿತ್ತು. ತಪ್ಪು ನನ್ನದೋ, ಕಲಾಯಿಯವನದೋ, ಕಂಡವರ ಅಟ್ಟ ನೋಡಿ ಬಾ ಎಂದು ಕಳಿಸಿದವರದೋ? ಯುಗಾದಿ ಹತ್ತಿರ ಬರುತ್ತಿತ್ತು. ಕೊನೆಗೆ ಸಾಹುಕಾರರೇ ಹೇಳಿಕಳಿಸಿದರು. ಸಾಲಗಾಮೆ ಕಡೆ ನಿನ್ನ ಹೆಂಡತಿಯದು ಗದ್ದೆ ಇದೆಯಂತಲ್ಲ, ಅದನ್ನು ಕೊಡಿಸು, ತೋಟವನ್ನೂ ತೆಗೆದುಕೊಳ್ಳುತ್ತೇನೆ ಎಂದು.

ನಮ್ಮವರು ನನಗೆ ಇದನ್ನು ಹೇಳಿದ್ದು ಹೇಗೆ ಅಂದುಕೊಂಡಿರಿ? “ನಾಳಿಕ್ಕೆ ರಿಜಿಸ್ಟ್ರಿ ಐತೆ, ಒಳ್ಳೆ ಸೀರೆ ಉಟ್ಕೊ” ಎಂದರು, ಅಷ್ಟೆ. ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ಕೊಟ್ಟರೆ ಇವರ ಮುಂಗಡ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಕೊಡದಿದ್ದರೆ ನಮ್ಮಪ್ಪನ ಗದ್ದೆ ಉಳಿಯುತ್ತದೆ. ಹೆಂಡತಿ ಎಂದು ಯೋಚಿಸಿದರೆ ಒಂದು ಉತ್ತರ, ಮಗಳು ಎಂದು ಯೋಚಿಸಿದರೆ ಇನ್ನೊಂದು. ಸೀರೆ ಮಾತ್ರ ಒಳ್ಳೆಯದೇ ಉಟ್ಟೆ.

ಹಾಸನದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನನ್ನು ಮೇಜಿನ ಎದುರಿಗೆ ನಿಲ್ಲಿಸಿದರು. ಬೆಂಚಿನ ಮೇಲೆ ಸಾಹುಕಾರರು, ಪಕ್ಕದಲ್ಲಿ ನಮ್ಮವರು. ಪತ್ರ ಓದಿ ಹೇಳಿದರು. ಗದ್ದೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂದೂ ಓದಿದರು. ಆಮೇಲೆ ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಇದನ್ನ ನಿಮ್ಮ ಸ್ವಂತ ಇಷ್ಟದಿಂದ ಮಾರ್ತಾ ಇದ್ದೀರೇನಮ್ಮಾ?” ಎಂದು ಕೇಳಿದರು.

ಅದು ಎಲ್ಲರನ್ನೂ ಕೇಳುವ ಪ್ರಶ್ನೆಯಂತೆ. ನನಗೇನು ಗೊತ್ತು? ನನ್ನ ಇಷ್ಟವನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಮ್ಮವರ ಕಡೆ ತಿರುಗಿದೆ. ಅವರು ತಮ್ಮ ಕೊಡೆಯ ಹಿಡಿಯನ್ನು ನೋಡುತ್ತಿದ್ದರು.

“ಗೊತ್ತಿಲ್ಲ ಸಾ,” ಎಂದೆ.

ಕಚೇರಿಯಲ್ಲಿ ಯಾರೋ ನಕ್ಕರು. ಹೌದು ಅನ್ನಿ, ಇಲ್ಲ ಅನ್ನಿ, ಗೊತ್ತಿಲ್ಲ ಅಂದರೆ ನಾನೇನು ಬರೆದುಕೊಳ್ಳಲಿ ಎಂದು ಸಾಹೇಬರು ಮತ್ತೊಮ್ಮೆ ಕೇಳಿದರು. ಹೌದು ಎನ್ನಲು ಬಾಯಿ ತೆರೆದೆ, ಬರಲಿಲ್ಲ. ಇಲ್ಲ ಎನ್ನಲು ನೋಡಿದೆ, ಅದೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ನನ್ನ ಮೇಲೆ ನನಗೇ ಸಿಟ್ಟು ಬಂತು. ಗೊತ್ತಾದ ಮೇಲೆ ಬನ್ನಿ ಎಂದು ಸಾಹೇಬರು ಕಾಗದವನ್ನು ಪಕ್ಕಕ್ಕೆ ಸರಿಸಿದರು. ಸಾಹುಕಾರರು ಶಲ್ಯ ಕೊಡವಿಕೊಂಡು ಎದ್ದುಹೋದರು. ತೋಟದ ಮುಂಗಡವೂ ಅವರ ಹಿಂದೆಯೇ ಹೋಯಿತು.

ಹೊರಗೆ ಬಂದೆವು. ನಮ್ಮವರು ಮುಂದೆ ಮುಂದೆ, ನಾನು ಹಿಂದೆ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಗಕ್ಕನೆ ನಿಂತು ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು.

“ಅವ್ರಿಗೆ ಗೊತ್ತಿಲ್ಲ ಅಂದೆ. ನಂಗಾದ್ರೂ ಯೋಳು. ಆ ಗದ್ದೆ ಕೊಡಾಕೆ ನಿಂಗೆ ಇಷ್ಟ ಐತೋ ಇಲ್ವೋ?”

“ಇಲ್ಲ,” ಎಂದೆ. ಒಂದು ಗಳಿಗೆಯೂ ಬೇಕಾಗಲಿಲ್ಲ. ಅದು ಎಲ್ಲಿಂದ ಬಂತೋ ಶಿವನೇ ಬಲ್ಲ.

ಅವರು ನನ್ನನ್ನು ನೋಡುತ್ತಲೇ ನಿಂತರು. “ಮತ್ತೆ ಇದ್ನ ಮೊದ್ಲೇ ಯೋಳ್ಬಾರ್ದಾಗಿತ್ತಾ?”

“ಮೊದ್ಲು ನೀವು ಕೇಳ್ಲಿಲ್ವಲ್ಲ.”

ಬಿಸಿಲು ಸುಡುತ್ತಿತ್ತು. ಅವರು ಕೊಡೆ ಬಿಚ್ಚಿ ನನ್ನ ಕೈಗೆ ಕೊಟ್ಟು, ತಾವು ಬಿಸಿಲಲ್ಲೇ ಮನೆಯ ಕಡೆ ನಡೆದರು.