ಹೊಸ ಬೇಟೆಗಾರನಿಗೆ ನಾಲ್ಕು ಮಾತು

ಇವತ್ತು ಬೆಳಿಗ್ಗೆ ಹಾಸನದಿಂದ ನನ್ನ ಗೆಳೆಯ ಸೀನನ ಮೆಸೇಜು ಬಂತು. ‘ಪಕ್ಕದ ಮನೆಯವರಿಗೆ ನಮ್ಮ ಬೇಟೆ ಆಟದ ಹುಚ್ಚು ಹತ್ತಿದೆ ಕಣೋ. ಭಾನುವಾರ ಬಂತೂಂದ್ರೆ ನಮ್ಮನೇಲೇ. ಪಾಪ, ಹೊಸಬರು. ನೀನು ನಾಲ್ಕು ಬುದ್ಧಿಮಾತು ಬರೆದು ಕಳಿಸು.’ ಓದಿದ್ದೇ ತಡ, ಕುಡಿಯುತ್ತಿದ್ದ ಕಾಫಿ ಕಹಿಯಾಯಿತು. ಮೇಜಿನ ಖಾನೆ ಎಳೆದು, ಆ ವಿಡಿಯೋ ಆಟ ಆಡುವ ಹಳೆಯ ಕಂಟ್ರೋಲರನ್ನು ಹೊರಗೆ ತೆಗೆದೆ. ಅದರ ಎಡಗಡೆಯ ಕಡ್ಡಿ ಕೆಟ್ಟಿದೆ. ಬೆರಳು ತಾಗಿಸದಿದ್ದರೂ ಆಟದೊಳಗಿನ ನಮ್ಮ ಬೇಟೆಗಾರ ತಾನಾಗಿ ಎಡಕ್ಕೆ ನಡೆಯುತ್ತಾನೆ. ಸೀನ ವರ್ಗವಾಗಿ ಹೋಗುವಾಗ ನೆನಪಿಗಿರಲಿ ಎಂದು ಕೊಟ್ಟದ್ದು ಇದನ್ನೇ. ಚೆನ್ನಾಗಿರುವುದನ್ನು ಕೊಡಬಹುದಿತ್ತು. ಆ ವಿಷಯ ಆಮೇಲೆ.

ಈ ಆಟ ನಿಮಗೆ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಟಿ.ವಿ. ಪರದೆ ಎರಡು ಪಾಲಾಗುತ್ತದೆ, ಪಾಲಿಗೊಬ್ಬ ಬೇಟೆಗಾರ. ಎದುರಿಗೆ ಮನೆಯಷ್ಟು ದೊಡ್ಡ ಮೃಗ. ಹೊರಡುವ ಮೊದಲು ಡೇರೆಯಲ್ಲಿ ಅಡುಗೆಯವನು ಬಡಿಸುವ ಊಟ ಮಾಡಬೇಕು, ಮಾಡಿದರೆ ಮೈಯಲ್ಲಿ ಕಸುವು. ಇಬ್ಬರಲ್ಲಿ ಯಾರೇ ಬೀಳಲಿ, ಒಟ್ಟು ಮೂರು ಸಲ ಬಿದ್ದರೆ ಬೇಟೆ ಇಬ್ಬರಿಗೂ ಮುಗಿದಂತೆ. ಅಂದರೆ ಜೊತೆಗಾರ ದಡ್ಡನಾದರೆ ನಿಮ್ಮ ಜಾಣತನಕ್ಕೆ ಕಿಲುಬು ಕಾಸಿನ ಬೆಲೆಯೂ ಇಲ್ಲ.

ಸೀನ ಈ ಊರಿನಲ್ಲೇ ಇದ್ದಾಗ ನಾನು ರಾಮಕೃಷ್ಣನಗರದಲ್ಲಿ ಒಂದು ಮಹಡಿ ಕೋಣೆಯಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ವಾರವೆಲ್ಲ ಹೋಟೆಲ್ ಊಟ. ಭಾನುವಾರ ಮಾತ್ರ ಸ್ಕೂಟರ್ ಹತ್ತಿ ವಿದ್ಯಾರಣ್ಯಪುರಂಗೆ, ಸೀನನ ಮನೆಗೆ. ಇಬ್ಬರೂ ಸೇರಿ ಒಂದು ಅನ್ನ, ಒಂದು ಸಾರು ಮಾಡಿಕೊಂಡು ಉಂಡು, ಸಂಜೆಯವರೆಗೆ ಬೇಟೆ. ಸೋಫಾದ ಬಲತುದಿ ನನ್ನದು, ಅಲ್ಲಿ ನನ್ನ ಅಳತೆಯ ತಗ್ಗೇ ಬಿದ್ದಿತ್ತು. ಈ ಊರಿನಲ್ಲಿ ನನ್ನದು ಎನ್ನಬಹುದಾದ ಜಾಗ ಅದೊಂದೇ.

ಸೀನನಿಗೆ ಮದುವೆಯಾಯಿತು. ವಸುಧಾ ಚಾಮರಾಜಪುರಂನ ದೊಡ್ಡ ಮನೆಯ ಹುಡುಗಿ. ಒಳ್ಳೆಯವರು, ನಗುಮುಖದವರು, ಅದೇ ಇನ್ನೂ ಕಷ್ಟ, ಬಯ್ಯಲು ಏನೂ ಸಿಗುತ್ತಿರಲಿಲ್ಲ. ಮೊದಲ ತಿಂಗಳು ಬಾಗಿಲಲ್ಲಿ ನಿಂತು ಆಟ ನೋಡಿದರು. ಆಮೇಲೆ, “ನಂಗೂ ಕಲಿಸ್ಕೊಡ್ತೀರಾ?” ಅಂದರು.

ಸೀನ ಕಲಿಸಿದ ಚೆಂದವನ್ನು ನೀವು ನೋಡಬೇಕಿತ್ತು. “ಮೊದ್ಲು ಹೊಡೀಬೇಡ, ಸುಮ್ನೆ ನೋಡು. ಅದು ಬಾಲ ಎತ್ತಿದ್ರೆ ಏನ್ಮಾಡುತ್ತೆ, ತಲೆ ತಗ್ಗಿಸಿದ್ರೆ ಏನ್ಮಾಡುತ್ತೆ, ಗೊತ್ತಾಗುತ್ತೆ. ಇನ್ನೊಂದೇ ಏಟು ಅಂತ ಆಸೆ ಪಡಬೇಡ. ಔಷಧಿ ಕುಡಿಯೋವಾಗ ದೂರ ಹೋಗಿ ಕುಡಿ. ಹೆದರ್ಬೇಡ, ನಾನಿದ್ದೀನಲ್ಲ.” ಎಷ್ಟು ಮೆದುವಾದ ದನಿ! ನನಗೆ ಅವನು ಕಲಿಸಿದ್ದು ಇಷ್ಟೇ: “ಸತ್ತೋದಾ? ಎದ್ದೇಳೋ ದಂಡಪಿಂಡ.” ಬಾಲದ ವಿಷಯ ನಾನು ಬಾಲದಿಂದ ಏಟು ತಿಂದೇ ಕಲಿತದ್ದು.

ಅದನ್ನೂ ಸಹಿಸಿದೆ. ಸಹಿಸಲಾಗದ್ದು ಕಂಟ್ರೋಲರ್ ವಿಷಯ. ಮನೆಯಲ್ಲಿದ್ದದ್ದು ಎರಡು, ಒಳ್ಳೆಯದು ಯಾವತ್ತೂ ನನ್ನ ಕೈಯಲ್ಲಿರುತ್ತಿತ್ತು. ಒಂದು ಭಾನುವಾರ ಹೋಗಿ ನೋಡಿದರೆ ಅದು ವಸುಧಾ ಕೈಯಲ್ಲಿ. “ನೀನು ಇದನ್ನ ಇಟ್ಕೊಳೋ, ನಿಂಗೆ ಆಟ ಅಭ್ಯಾಸ ಇದೆ,” ಎಂದು ಸೀನ ಎಡಕ್ಕೆಳೆಯುವುದನ್ನು ನನಗೆ ದಾಟಿಸಿದ. ನನ್ನ ಬೇಟೆಗಾರ ಕುಡಿದವನ ಹಾಗೆ ಎಡಕ್ಕೆ ವಾಲುತ್ತ ಹೋಗಿ ಬಂಡೆಗೆ ಮುಖ ಉಜ್ಜುತ್ತಿದ್ದರೆ, ಗಂಡ ಹೆಂಡತಿ ಇಬ್ಬರೂ ನಕ್ಕರು. ನಾನೂ ನಕ್ಕೆ.

ಇಷ್ಟಾದರೂ ವಸುಧಾ ಬೇಟೆಗೆ ಹೊರಟ ಹತ್ತು ನಿಮಿಷದೊಳಗೆ ಬೀಳುತ್ತಿದ್ದರು. ಕಾರಣ ನಿಮಗೆ ನಗು ತರಿಸೀತು. ಡೇರೆಯಲ್ಲಿ ಅಡುಗೆಯವನು ಬಡಿಸಲು ನಿಂತಿದ್ದರೂ ಅವರು ಊಟಕ್ಕೆ ಕೂರುತ್ತಿರಲಿಲ್ಲ. ನನ್ನ ಬೇಟೆಗಾರ ಉಂಡು ಏಳುವವರೆಗೆ ಪಕ್ಕದಲ್ಲಿ ಕಾದು ನಿಲ್ಲುತ್ತಿದ್ದರು. ಅಷ್ಟರಲ್ಲಿ ಹೊರಡುವ ನಗಾರಿ ಮೊಳಗಿ, ಖಾಲಿ ಹೊಟ್ಟೆಯಲ್ಲೇ ಓಡುತ್ತಿದ್ದರು.

“ನೀವೂ ಜೊತೇಲೇ ತಿನ್ಬೋದು ಕಣ್ರೀ, ಇದು ಆಟ,” ಅಂದೆ.

“ಅದು ಗೊತ್ತಣ್ಣ. ಆದ್ರೆ ಬಂದವರು ಉಣ್ಣೋಕೆ ಮುಂಚೆ ಕೂರೋಕೆ ಮನಸ್ಸೇ ಬರಲ್ಲ.”

ಬಂದವರು! ಅಷ್ಟು ವರ್ಷ ಆ ಮನೆಯ ಸಾರಿಗೆ ಉಪ್ಪು ಹಾಕಿದವನು ನಾನು; ಈ ಹುಡುಗಿ ನಿನ್ನೆ ಮೊನ್ನೆ ಹೊಸ್ತಿಲು ದಾಟಿ ಒಂದೇ ಮಾತಿನಲ್ಲಿ ನನ್ನನ್ನು ಅತಿಥಿ ಮಾಡಿದ್ದರು. ನಿಜವಾದ ಊಟದಲ್ಲೂ ಹಾಗೆಯೇ, ಮೊದಲು ನನ್ನ ತಟ್ಟೆಗೆ ಬಡಿಸಿ, ನಾನು ಎದ್ದ ಮೇಲೆ ಅವರಿಬ್ಬರೂ ಕೂರುತ್ತಿದ್ದರು. ನಾನು ಮರ್ಯಾದೆ ಅಂದುಕೊಂಡಿದ್ದೆ. ಅವತ್ತು ಅದು ಬಾಗಿಲು ತೋರಿಸಿದ ಹಾಗೆ ಕಂಡಿತು.

ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನು ಬಂದರೆ ಹುಷಾರಿಲ್ಲ ಅಂದೆ. ಕೋಣೆಯಲ್ಲಿ ಮಲಗಿ ಸೂರು ನೋಡುತ್ತ, ಈಗ ನನ್ನ ತಗ್ಗಿನಲ್ಲಿ ಯಾರು ಕೂತಿರಬಹುದು ಎಂದು ಲೆಕ್ಕ ಹಾಕಿದೆ. ಮೂರನೆಯ ವಾರ ತಡೆಯಲಾಗಲಿಲ್ಲ. ಹೋಟೆಲಿನಲ್ಲಿ ಉಂಡು, ಬೇಕೆಂದೇ ತಡಮಾಡಿ, ಮೂರು ಗಂಟೆಯ ಹೊತ್ತಿಗೆ ಹೋದೆ. ಅಷ್ಟರಲ್ಲಿ ಅವರು ಊಟ ಮುಗಿಸಿ ಆಟಕ್ಕೆ ಕೂತಿರುತ್ತಾರೆ, ಕಣ್ಣಾರೆ ನೋಡಿ ಉರಿದುಕೊಳ್ಳೋಣ ಎಂಬ ಆಸೆ.

ಟಿ.ವಿ. ಆರಿತ್ತು. ನೆಲದ ಮೇಲೆ ಮೂರು ತಟ್ಟೆ, ಮೂರೂ ಖಾಲಿ. ಸೀನ ಗೋಡೆಗೊರಗಿ ಹಪ್ಪಳ ಕಡಿಯುತ್ತಿದ್ದ.

“ಬಂದ್ಬುಟ್ಯಾ ಮಹರಾಯ? ಹಸಿವಲ್ಲಿ ಪ್ರಾಣ ಹೋಗ್ತಿದೆ. ಇವಳು ಬಡಿಸ್ತಾನೇ ಇಲ್ಲ.”

“ನನ್ನ ಬಿಟ್ಟು ಉಣ್ಣಬಾರದಿತ್ತಾ?” ಅಂದೆ.

ಒಳಗಿನಿಂದ ಹುಳಿಯ ಪಾತ್ರೆ ತರುತ್ತಿದ್ದ ವಸುಧಾ ಅಲ್ಲೇ ನಿಂತರು. “ಎರಡು ವಾರ ಆಯ್ತು, ಇವರಿಗೆ ಅನ್ನ ಸೇರ್ತಿಲ್ಲ. ಮನೆಯವರು ಒಬ್ಬರು ಬರ್ದೇ ಇದ್ರೆ ಬಡಿಸೋದು ಹೆಂಗಣ್ಣ?”

ಮೂವರೂ ಒಟ್ಟಿಗೆ ಕೂತೆವು. ಹೋಟೆಲಿನಲ್ಲಿ ಉಂಡಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ, ಮತ್ತೆ ಉಂಡೆ. ಅವತ್ತು ಆಟದ ಡೇರೆಯಲ್ಲೂ ವಸುಧಾ ಕಾಯದೆ ನನ್ನ ಜೊತೆಗೇ ಊಟಕ್ಕೆ ಕೂತರು. ಮೃಗ ಬಿತ್ತು.

ಇದೆಲ್ಲ ನೆನೆದು ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಹಾಸನದ ಆ ಪಕ್ಕದ ಮನೆಯವರು ನನ್ನ ತಗ್ಗಿನಲ್ಲಿ ಕೂತಿದ್ದಾರೆ, ಒಳ್ಳೆಯ ಕಂಟ್ರೋಲರ್ ಹಿಡಿದಿದ್ದಾರೆ. ಮಧ್ಯಾಹ್ನ ಫೋನು ಮಾಡಿದೆ. ವಸುಧಾ ಎತ್ತಿಕೊಂಡರು. ಅದೂ ಇದೂ ಮಾತಾಡಿ, ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ: “ಅವರಿಗೂ ಊಟಕ್ಕೆ ಕಾಯ್ತೀರಾ?”

“ಯಾರಿಗೆ, ಪಕ್ಕದ್ಮನೆಯವರಿಗಾ? ಇಲ್ಲಪ್ಪ. ಅವರು ಬಂದ ತಕ್ಷಣ ಮೊದ್ಲು ಅವರಿಗೆ ಬಡಿಸ್ಬಿಡ್ತೀವಿ.”

ಕಾಫಿ ಮತ್ತೆ ಬಿಸಿ ಮಾಡಿಕೊಂಡೆ. ಚೆನ್ನಾಗಿತ್ತು. ಆಮೇಲೆ ಕೂತು ಧಾರಾಳವಾಗಿ ಬರೆದೆ, ಯಾವುದನ್ನೂ ಬಚ್ಚಿಡಲಿಲ್ಲ: ಮೊದಲು ಮೃಗವನ್ನು ನೋಡಿ. ಇನ್ನೊಂದೇ ಏಟು ಎಂದು ಆಸೆ ಪಡಬೇಡಿ. ಔಷಧಿಯನ್ನು ದೂರ ಹೋಗಿ ಕುಡಿಯಿರಿ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಕಳಿಸುವ ಮುಂಚೆ ಇನ್ನೊಂದು ಸಾಲು ಸೇರಿಸಿದೆ: ಆ ಮನೆಯಲ್ಲಿ ನಿಮಗೇ ಮೊದಲು ಬಡಿಸುತ್ತಾರೆ, ಸಂಕೋಚ ಪಡದೆ ಉಂಡು ಎದ್ದುಬಿಡಿ.